ಲಾನಿನ ಕೆಳಗಿನ ಹಿತ್ತಲು

ನಮ್ಮ ಅವ್ವನಿಗೆ ಹಸಿರೆಂದರೆ ಪ್ರಾಣವಿತ್ತಂತೆ. ಅದಕ್ಕೇ ಆಕೆ ಕನ್ನಡ ಸಾಲಿ ಮಾಸ್ತರನ ಹೆಂಡತಿಯಾಗಿದ್ದರೂ ನಾಚಿಕೆ ಬಿಟ್ಟು, ಗುಡಿಯ ಸುತ್ತ ಹಾಕಿದ ಲಾನಿಗೆ ನೀರು ಹೊರುವ ಕೂಲಿಗೆ ಹೋದಳಂತೆ. ಬಳಗದಲ್ಲಿ ಎಲ್ಲರೂ ಹೇಳುವುದು ಹೀಗೆಯೇ. ಎಲ್ಲರಿಗಿಂತ ಗಟ್ಟಿಯಾಗಿ ಹೇಳುವವಳು ಇಳಕಲ್ಲಿನ ನೀಲತ್ತಿ, ನಮ್ಮ ಅಪ್ಪನ ಅಕ್ಕ. ಮದುವೆಯಿರಲಿ, ತೊಟ್ಟಿಲ ಕಾರ್ಯವಿರಲಿ, ಹೆಂಗಸರ ನಡುವೆ ಕಾಲು ಚಾಚಿ ಕೂತು ಅಡಿಕೆ ಕತ್ತರಿಸುತ್ತ ಶುರು ಮಾಡುತ್ತಾಳೆ.

“ನಮ್ಮ ಗೌರವ್ವನ ಕೈಗುಣಾ ಅಂಥಾದ್ದು. ಆಕಿ ನೀರ ಹಾಕಿದ್ರ ಕಲ್ಲಿಗೂ ಚಿಗುರ ಬರ್ತಿತ್ತು. ಲಾನ್ ಅಂದ್ರ ಜೀವಾ ಬಿಡ್ತಿದ್ಲು ನೋಡ.”

ಕೇಳುವವರು ತಲೆ ಆಡಿಸುತ್ತಾರೆ. ನಾನು ಆಡಿಸುವುದಿಲ್ಲ. ಪುರಾವೆಯಿಲ್ಲದ ಮಾತಿಗೆ ತಲೆ ಆಡಿಸುವ ರೂಢಿ ನಮ್ಮ ಮನೆಯಲ್ಲಿ ನನಗೆ ಯಾರೂ ಕಲಿಸಲಿಲ್ಲ. ಅವ್ವನ ಕೈಗುಣದ ಪುರಾವೆ ನೋಡೋಣ. ಮನೆಯ ಮುಂದಿನ ಎಣ್ಣೆ ಡಬ್ಬಿಯಲ್ಲಿದ್ದ ಮಲ್ಲಿಗೆ ನೀರಿಲ್ಲದೆ ಒಣಗಿ ಸತ್ತಿತು. ಕುಂಬಳದ ಬಳ್ಳಿಯನ್ನು ನೆರೆಮನೆಯ ಆಡು ತಿನ್ನುತ್ತಿದ್ದರೆ, “ತಿನ್ಲಿ ಬಿಡು, ಅದಕ್ಕೂ ಹೊಟ್ಟಿ ಐತಿ” ಅಂದು ರೊಟ್ಟಿ ಬಡಿಯುತ್ತ ಕೂತಳು. ಅಪ್ಪ ಬಾಗಲಕೋಟೆಯಿಂದ ಆಸೆಪಟ್ಟು ತಂದ ಗುಲಾಬಿಯ ಕಡ್ಡಿಯಿಂದ ಒಲೆಯ ಕೆಂಡ ಕೆದಕಿದಳು. ಇಂಥವಳಿಗೆ ಹಸಿರೆಂದರೆ ಪ್ರಾಣವಾಗಿದ್ದರೆ ಆ ಪ್ರಾಣ ನಮ್ಮ ಮನೆಯಲ್ಲಿ ಎಲ್ಲೂ ಕಾಣಲಿಲ್ಲ. ಆಕೆ ಲಾನಿಗೆ ನೀರು ಹೊತ್ತದ್ದಕ್ಕೆ ಕಾರಣ ಒಂದೇ. ಆ ಹುಲ್ಲಿನ ಕೆಳಗೆ ನನ್ನ ತಮ್ಮ ಇದ್ದಾನೆ.

ಹೇಗೆ ಎಂದು ಹೇಳಬೇಕಾದರೆ ಮನೆಯಿಂದ ಶುರು ಮಾಡಬೇಕು. ನಮ್ಮೂರು ಬಾದಾಮಿಯಿಂದ ಬಸ್ಸು ಹಿಡಿದು ಬರಬೇಕಾದ ಊರು, ಮಲಪ್ರಭೆಯ ದಂಡೆಗೆ. ಊರ ನಡುವೆ ಹಳೆಯ ಗುಡಿಗಳು. ಗುಡಿಗಳ ನಡುವೆ, ಗುಡಿಗೆ ಅಂಟಿಕೊಂಡು, ಕೆಲವು ಕಡೆ ಗುಡಿಯ ಒಳಗೇ, ನಮ್ಮ ಮನೆಗಳು. ನಮ್ಮ ಅಡುಗೆಮನೆಗೆ ಮೂರು ಗೋಡೆ ಮಣ್ಣಿನವು, ನಾಲ್ಕನೆಯದು ಗುಡಿಯದು. ಆ ಕಲ್ಲುಗೋಡೆಯ ಬುಡಕ್ಕೆ ಡೊಳ್ಳುಹೊಟ್ಟೆಯ ಕುಳ್ಳ ಗಣಗಳ ಸಾಲು ಕೆತ್ತಿದ್ದರು. ಒಬ್ಬ ಕುಣಿಯುತ್ತಾನೆ, ಒಬ್ಬ ಊದುತ್ತಾನೆ, ಒಬ್ಬ ಸುಮ್ಮನೆ ಹಲ್ಲು ಕಿರಿಯುತ್ತಾನೆ. ಆ ಸಾಲಿನಲ್ಲಿ ಒಬ್ಬ ಸರಿಯಾಗಿ ನಮ್ಮ ಒಲೆಯ ಪಕ್ಕಕ್ಕೆ ಸಿಕ್ಕಿದ್ದ. ತಲೆತಲಾಂತರದ ಹೊಗೆ ಕುಡಿದು ಅವನು ಹೆಂಚಿನಂತೆ ಕಪ್ಪಾಗಿದ್ದ. ನಾವು ಅವನನ್ನು ಡೊಳ್ಳಪ್ಪ ಅನ್ನುತ್ತಿದ್ದೆವು. ಅವ್ವ ಒಗ್ಗರಣೆ ಮುಗಿಸಿ ಕೈಗೆ ಅಂಟಿದ ಎಣ್ಣೆಯನ್ನು ಅವನ ಹೊಟ್ಟೆಗೇ ಒರೆಸುತ್ತಿದ್ದಳು. ಒಮ್ಮೆ ಪರದೇಶದವನೊಬ್ಬ ಕ್ಯಾಮೆರಾ ಹಿಡಿದು ಹೇಳದೆ ಕೇಳದೆ ಅಡುಗೆಮನೆಗೇ ಬಂದುಬಿಟ್ಟ. ಅವ್ವ ಗಾಬರಿಯಾಗಲಿಲ್ಲ. ರೊಟ್ಟಿಯ ಮೇಲೆ ಪುಂಡಿಪಲ್ಯ ಇಟ್ಟು ಅವನ ಕೈಗೆ ಕೊಟ್ಟಳು. ಅವನು ತಿಂದು, ಡೊಳ್ಳಪ್ಪನ ಫೋಟೋ ತೆಗೆದು, ಕೈ ಮುಗಿದು ಹೋದ.

ಊಟಕ್ಕೆ ಕೂತಾಗ ಅಪ್ಪನದು ಒಂದು ಪದ್ಧತಿ. ತಾಟಿಗೆ ರೊಟ್ಟಿ ಬೀಳುವ ಮೊದಲು ಒಂದು ವಿಷಯ ಬೀಳುತ್ತಿತ್ತು. ಹಳ್ಳಿ ಮೇಲೋ ಪಟ್ಟಣ ಮೇಲೋ. ಮಳೆ ಮೇಲೋ ಬಿಸಿಲು ಮೇಲೋ. ಮೊದಲ ರೊಟ್ಟಿ ಮುಗಿಯುವವರೆಗೆ ನಾನು ಪರವಾಗಿ ಮಾತಾಡಬೇಕು, ಎರಡನೆಯ ರೊಟ್ಟಿಗೆ ವಿರೋಧವಾಗಿ. “ಹೌದಲ್ಲ ಅನಬ್ಯಾಡ, ಯಾಕ ಹೌದು ಹೇಳು” ಎನ್ನುವುದು ಅವನ ಮಾತು. ಮುಂದೆ ಬಾದಾಮಿಯ ಹೈಸ್ಕೂಲಿನಲ್ಲಿ, ಬಾಗಲಕೋಟೆಯ ಕಾಲೇಜಿನಲ್ಲಿ ನಾನು ಗೆದ್ದ ಚರ್ಚಾಸ್ಪರ್ಧೆಗಳೆಲ್ಲ ಆ ತಾಟಿನ ಮುಂದೆ ಕಲಿತ ವಿದ್ಯೆ. ನನ್ನ ನಾಲಿಗೆ ಅಪ್ಪ ಕೊಟ್ಟದ್ದು, ಇದರಲ್ಲಿ ವಾದವಿಲ್ಲ. ಅವ್ವನಿಗೆ ಮಾತ್ರ ಅವನು ಒಂದು ದಿನವೂ ವಿಷಯ ಕೊಡಲಿಲ್ಲ. ಆಕೆ ರೊಟ್ಟಿ ಬಡಿಯುವ ಸದ್ದು ನಮ್ಮ ವಾದದ ಹಿಂದೆ ನಡೆದೇ ಇರುತ್ತಿತ್ತು. ಯಾರಾದರೂ ಗೆದ್ದಾಗ, “ಆತಿಲ್ಲೋ? ಇನ್ನ ತಿನ್ರಿ, ಆರತೈತಿ” ಎನ್ನುವಳು.

ತಮ್ಮ ಹುಟ್ಟಿದಾಗ ನಾನು ಇನ್ನೂ ಸಾಲಿಗೆ ಹೋಗುತ್ತಿರಲಿಲ್ಲ. ಬಸವರಾಜ ಎಂದು ಹೆಸರಿಟ್ಟರು, ಬಸು ಎಂದು ಕರೆದೆವು. ಅವನಿಗೆ ಹಲ್ಲು ಬರುವ ಮೊದಲೇ ಜ್ವರ ಬಂತು. ಬಾದಾಮಿಯ ದವಾಖಾನಿಗೆ ಒಯ್ದು ಹೊಳ್ಳಿ ತರುವಾಗ ಅವ್ವನ ಮಡಿಲಲ್ಲೇ ಹೋಗಿಬಿಟ್ಟ. ನಮ್ಮ ಮನೆತನದಲ್ಲಿ ಹಲ್ಲು ಬರದ ಕೂಸನ್ನು ಊರ ಹೊರಗೆ ಒಯ್ಯುವುದಿಲ್ಲ. ಒಂಟಿಯಾಗಿ ಅಷ್ಟು ದೂರ ಅದು ಹೇಗೆ ಇದ್ದೀತು ಎಂದು ಹಿತ್ತಲಲ್ಲೇ ಮಣ್ಣು ಮಾಡುತ್ತಾರೆ. ಅಯ್ಯನವರು ಬಂದು ವಿಭೂತಿ ಹಚ್ಚಿದರು. ಅವ್ವ ತನ್ನ ಇಳಕಲ್ ಸೀರೆ ಮಡಚಿ ಕುಣಿಗೆ ಹಾಸಿದಳು. ಜಾಗ ಗುರುತಿರಲಿ ಎಂದು ಏನಾದರೂ ನೆಡಬೇಕಲ್ಲ. ಬೇಸಿಗೆಯಲ್ಲಿ ನಮ್ಮೂರಲ್ಲಿ ಯಾವ ಗಿಡವೂ ನಿಲ್ಲುವುದಿಲ್ಲ. ಅವ್ವ ಹೊಳೆಯ ದಂಡೆಯಿಂದ ಕರಿಕೆ ಹುಲ್ಲಿನ ಗಡ್ಡೆ ಕಿತ್ತು ತಂದು ಊರಿದಳು. ಕರಿಕೆ ಸಾಯುವುದಿಲ್ಲ ಎಂಬ ಒಂದೇ ಲೆಕ್ಕ. ಒಲೆ ಪಕ್ಕದ ಡೊಳ್ಳಪ್ಪನಿಂದ ಹಿತ್ತಲ ಬಾಗಿಲು ದಾಟಿ, ಗೋಡೆಗುಂಟ ಒಂದು ಸೀರೆ ಬಿಚ್ಚಿ ಹಾಸಿದರೆ ಸೆರಗು ಎಲ್ಲಿ ಮುಗಿಯುತ್ತದೋ ಅಲ್ಲಿ ಅವನು. ಒಣಗಿದ ಊರಲ್ಲಿ ಅಂಗೈಯಷ್ಟು ಹಸಿರು.

ಅಂದಿನಿಂದ ಹೊಳೆಯಿಂದ ಬಂದ ಮೊದಲ ಕೊಡದ ನೀರು ಒಳಗೆ ಬರುತ್ತಿರಲಿಲ್ಲ. ಅಪ್ಪ ಬಾಯಾರಿ ಬಂದಿರಲಿ, ನೆಂಟರು ಬಾಗಿಲಲ್ಲಿ ನಿಂತಿರಲಿ.

“ಮದಲ ಅವಂಗ,” ಅನ್ನುವಳು ಅವ್ವ.

ಹೆಸರು ಹೇಳುತ್ತಿರಲಿಲ್ಲ. ನೀರು ಹಾಕಿ ಬಂದ ಮೇಲೆಯೇ ನಮಗೆಲ್ಲ. ನಾನು ಬೆಳಿಗ್ಗೆ ಎದ್ದು ನೀರು ಕೇಳಿದರೆ, “ತಡಿಯವ್ವಾ, ಅವಂದು ಇನ್ನೂ ಆಗಿಲ್ಲ” ಎನ್ನುವಳು. ಅವನು ಸತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಆದರೂ ಮನೆಯಲ್ಲಿ ನನಗಿಂತ ಮೊದಲು ನೀರು ಕುಡಿಯುವವನೊಬ್ಬ ಇದ್ದಾನೆ ಎಂದೇ ನಾನು ಬೆಳೆದೆ.

ಪುರಾತತ್ವ ಇಲಾಖೆಯ ಸಾಹೇಬರು ಬಂದದ್ದು ನಾನು ಐದನೆಯ ಇಯತ್ತೆಯಲ್ಲಿದ್ದಾಗ. ಗುಡಿಯ ಕಟ್ಟೆಯ ಮೇಲೆ ನಕಾಶೆ ಹಾಸಿ ಊರವರನ್ನೆಲ್ಲ ಕರೆದರು. ಗುಡಿಗಳು ಜಗತ್ತಿಗೇ ಸೇರಿದವು, ಸುತ್ತಲಿನ ಮನೆಗಳು ಆಚೆ ದಿನ್ನೆಯ ಮೇಲೆ ಹೋಗಬೇಕು, ಎಲ್ಲರಿಗೂ ಪ್ಲಾಟು ಸಿಗುತ್ತದೆ, ಇಲ್ಲಿ ಲಾನ್ ಬರುತ್ತದೆ ಎಂದರು. ಸಾಹೇಬರ ಕನ್ನಡ ಮೈಸೂರು ಕಡೆಯದು, ಜನಕ್ಕೆ ಅರ್ಧ ತಿಳಿಯಲಿಲ್ಲ. ತಿಳಿಸಿ ಹೇಳುವ ಕೆಲಸ ಅಪ್ಪನಿಗೆ ಬಂತು.

“ಲಾನ್ ಅಂದ್ರ ಏನ್ರೀ ಮಾಸ್ತರ?” ನಮ್ಮ ಓಣಿಯ ಮುದುಕ ಸಂಗಪ್ಪ ಕೇಳಿದ.

“ಹುಲ್ಲ, ಕಾಕಾ. ಗಾದಿ ಹಾಸಿದಂಗ ಹುಲ್ಲ ಬೆಳಸ್ತಾರ.”

“ದನಾ ಬಿಡಬಹುದೇನು?”

“ಬಿಡಂಗಿಲ್ಲ.”

“ಕೊಯ್ದರ ಒಯ್ಯಬಹುದಲ್ಲ?”

“ಅವರ ಕೊಯ್ತಾರ. ನಾವು ಒಯ್ಯಂಗಿಲ್ಲ.”

“ತುಳದ್ರ?”

“ತುಳ್ಯಂಗೂ ಇಲ್ಲ. ಅದು ನೋಡಾಕ.”

“ಹಂಗಾರ ಅದು ಹುಲ್ಲಲ್ಲ ಬಿಡ್ರಿ,” ಸಂಗಪ್ಪ ರುಮಾಲು ಸರಿಮಾಡಿಕೊಂಡ. “ಅದು ದೇವರು.”

ಜನ ಹೊಟ್ಟೆ ಹಿಡಿದು ನಕ್ಕರು. ಸಾಹೇಬರಿಗೂ ಯಾರೋ ಅರ್ಥ ಹೇಳಿದರು, ಅವರೂ ನಕ್ಕರು. ಆ ನಗೆಯಲ್ಲೇ ಅರ್ಧ ಊರು ಒಪ್ಪಿದಂತಾಯಿತು. ಹೋಗುವಾಗ ಸಾಹೇಬರು ಅಪ್ಪನ ಹೆಗಲ ಮೇಲೆ ಕೈಯಿಟ್ಟು, ನಿಮ್ಮಂಥ ತಿಳಿದವರು ಊರಿಗೊಬ್ಬರಿದ್ದರೆ ನಮ್ಮ ಕೆಲಸ ಹಗುರ ಎಂದರು. ಅಪ್ಪ ಆ ಹೆಗಲನ್ನು ಮನೆಯವರೆಗೂ ಎತ್ತರಕ್ಕೇ ಹಿಡಿದುಕೊಂಡು ಬಂದ.

ಅವತ್ತು ಊಟಕ್ಕೆ ವಿಷಯ ಬೀಳಲಿಲ್ಲ. ಅವ್ವ ಕೇಳಿದಳು.

“ಹಿತ್ತಲಾನೂ ಹೋಕ್ಕೈತೇನ್ರಿ?”

“ಎಲ್ಲಾ ಹೋಕ್ಕೈತಿ. ನಕಾಶೆದಾಗ ನಮ್ಮ ಮನಿ ಇದ್ದಲ್ಲಿ ಹಸರ ಬಣ್ಣಾ ಹಚ್ಚ್ಯಾರ.”

“ಅವನ್ನ ಹ್ಯಾಂಗ ಒಯ್ಯೂದು?”

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ಒಯ್ಯೂದಲ್ಲಾ ಗೌರಾ. ಮಣ್ಣಿಗೆ ಕೊಟ್ಟದ್ದನ್ನ ತಿರುಗಿ ಅಗಿಬಾರದು. ಅಯ್ಯನವರ್ನ ಕೇಳು ಬೇಕಾರ. ಶಿವನಲ್ಲಿಗೆ ಹೋದಾವಂಗ ಜಾಗಾ ಎಲ್ಲೀದು?”

“ಶಿವನ ಜಾಗಾ ನನಗ ಗೊತ್ತಿಲ್ರಿ. ಇವನ ಜಾಗಾ ಗೊತ್ತೈತಿ.”

ಅವ್ವ ಕೇಳಿದ್ದು ದೊಡ್ಡದೇನಲ್ಲ. ಮನೆ ಬೇಡ, ಹಿತ್ತಲು ಬೇಡ. ಒಂದು ತೊಟ್ಟಿಲಿನಷ್ಟು ಜಾಗ ಹಾಗೇ ಬಿಡಲಿ, ಒಂದು ಕಲ್ಲು ನಿಲ್ಲಿಸಿಕೊಳ್ಳಲು ಬಿಡಲಿ, ಸುತ್ತ ಅವರ ಲಾನ್ ಹಾಕಿಕೊಳ್ಳಲಿ. “ನೀವು ಒಂದ ಮಾತ ಸಾಹೇಬ್ರನ್ನ ಕೇಳ್ರಿ. ನಿಮ್ಮ ಮಾತ ನಡಿತೈತಿ” ಎಂದಳು. ಅಪ್ಪ ಮರುದಿನ ಇಸ್ತ್ರಿ ಅಂಗಿ ಹಾಕಿಕೊಂಡು ಬಾದಾಮಿಯ ಬಸ್ಸು ಹತ್ತಿದ. ಸಂಜೆಗೆ ಬಂದು ಚಪ್ಪಲಿ ಬಿಡುತ್ತ, “ಒಲ್ಲೆ ಅಂದ್ರು. ಒಬ್ಬರಿಗೆ ಬಿಟ್ರ ಎಲ್ಲಾರೂ ಕೇಳ್ತಾರಂತ” ಎಂದ. ಅವ್ವ ಹೂಂ ಎಂದಳು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ದಿನ್ನೆಯ ಮೇಲಿನ ಹೊಸ ಮನೆಯಲ್ಲಿ ಎಲ್ಲ ಗೋಡೆಗಳೂ ನಮ್ಮವೇ ಆಗಿದ್ದವು, ಯಾವ ಗೋಡೆಯಲ್ಲೂ ಯಾರೂ ನಗುತ್ತಿರಲಿಲ್ಲ. ಕೆಳಗೆ ಹಳೆಯ ಮನೆಗಳನ್ನು ಇಳಿಸಿ ನೆಲ ಸಮ ಮಾಡಿದರು. ಲಾರಿಗಟ್ಟಲೆ ಕೆಂಪು ಮಣ್ಣು ಬಂದು ಬಿತ್ತು. ಹುಲ್ಲು ಹಚ್ಚುವುದಕ್ಕೆ ಊರ ಹೆಂಗಸರನ್ನೇ ಕೂಲಿಗೆ ಕರೆದರು. ಅವ್ವ ಬುಟ್ಟಿ ಹಿಡಿದು ಹೊರಟಾಗ ಅಪ್ಪ ಬಾಗಿಲಿಗೆ ಅಡ್ಡ ನಿಂತ.

“ಮಾಸ್ತರನ ಹೇಂತಿ ಕೂಲಿಗಿ ಹೊಂಟ್ರ ನಾ ಸಾಲ್ಯಾಗ ಹ್ಯಾಂಗ ಮಾರಿ ತೋರಸ್ಲಿ?”

“ನಾ ಕೂಲಿಗಿ ಹೊಂಟಿಲ್ರಿ. ಅವಂಗ ನೀರ ಹಾಕಾಕ ಹೊಂಟೇನಿ. ಕೂಲಿಗಿ ಬಂದಾಕಿಗೆ ಅಷ್ಟ ಅಲ್ಲಿ ಒಳಗ ಬಿಡ್ತಾರ.”

ಅಪ್ಪ ಬಾಗಿಲು ಬಿಟ್ಟ. ಆ ದಿನ ಸಾಲಿ ಬಿಟ್ಟ ಮೇಲೆ ನಾನೂ ಕೆಳಗೆ ಹೋದೆ. ಅವ್ವ ಗುಡಿಯ ಗೋಡೆಯ ಮುಂದೆ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. ಯಾಕೆ ನಿಂತಿದ್ದಾಳೆ ಎಂದು ನನಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ಇಲಾಖೆಯವರು ಗೋಡೆಯನ್ನು ಔಷಧ ಹಾಕಿ ತೊಳೆದಿದ್ದರು. ಎಷ್ಟೋ ತಲೆಮಾರಿನ ಹೊಗೆ, ಎಣ್ಣೆ, ಮಸಿ ಎಲ್ಲ ಹೋಗಿ ಕಲ್ಲು ಹೊಸದಾಗಿ ಕೆಂಪಗೆ ಹೊಳೆಯುತ್ತಿತ್ತು. ಗಣಗಳ ಸಾಲು ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಣ್ಣ. ಕುಣಿಯುವವರು ಹಲವರು, ಊದುವವರು ಹಲವರು, ಹಲ್ಲು ಕಿರಿಯುವವರೂ ಹಲವರು. ಅವರೊಳಗೆ ನಮ್ಮ ಡೊಳ್ಳಪ್ಪ ಯಾರು? ಅವನನ್ನು ನಾವು ಎಂದೂ ಮುಖ ನೋಡಿ ಗುರುತಿಟ್ಟಿರಲಿಲ್ಲ. ಕಪ್ಪಗಿದ್ದವನು ನಮ್ಮವನು, ಅಷ್ಟೇ.

“ಇವನೇನ, ನೋಡು,” ಅವ್ವ ಒಬ್ಬನ ಹೊಟ್ಟೆ ಮುಟ್ಟಿದಳು. ಮುಂದಕ್ಕೆ ಹೋಗಿ ಇನ್ನೊಬ್ಬನನ್ನು ಮುಟ್ಟಿದಳು. “ಇವ ಇರಬೇಕು... ಇವನ ಕಿವಿ ಹಿಂಗಿತ್ತೇನ?”

ನನಗೂ ತಿಳಿಯಲಿಲ್ಲ. ನೆಲ ನೋಡಿದರೆ ಇನ್ನೂ ಕಷ್ಟ. ಆಕೆ ತಂದು ಊರಿದ್ದ ಕರಿಕೆಯ ಗುರುತು ಹುಡುಕಿದೆವು. ಎಲ್ಲಿ ಹುಡುಕುವುದು? ಬಿಸಿಲಿಗೆ ನಿಲ್ಲುವುದು ಅದೊಂದೇ ಎಂದು ಇಲಾಖೆಯವರೂ ಕಂಡುಕೊಂಡಿದ್ದರು. ಹೆಂಗಸರು ಬುಟ್ಟಿ ಬುಟ್ಟಿ ತಂದು ಮೈದಾನದ ತುಂಬ ಊರುತ್ತಿದ್ದದ್ದು ಅದೇ ಹೊಳೆ ದಂಡೆಯ ಕರಿಕೆ. ಸಾಯದ ಹುಲ್ಲನ್ನು ಆರಿಸಿದ್ದು ಅವ್ವನ ತಪ್ಪು ಎಂದು ಯಾರಾದರೂ ವಾದಿಸಿದರೆ ನಾನು ಏನು ಹೇಳಲಿ?

ಈಗ ಅತ್ತಿಯ ಮಾತಿಗೆ ಉತ್ತರ ಕೊಡಬಹುದು. ಅವ್ವ ಇಡೀ ಲಾನಿಗೆ ನೀರು ಹಾಕಿದಳು, ಒಣಮೂಲೆ ಬಿಡದೆ, ಬೇರೆ ಹೆಂಗಸರಿಗಿಂತ ಹೆಚ್ಚು ಕೊಡ ಹೊತ್ತು. ಹೌದು. ಯಾಕೆಂದರೆ ಒಂದು ಸೀರೆಯಷ್ಟು ದೂರ ಎನ್ನುವುದಕ್ಕೆ ಆಕೆಯ ಹತ್ತಿರ ಎಲ್ಲಿಂದ ಎನ್ನುವುದೇ ಉಳಿದಿರಲಿಲ್ಲ. ಒಬ್ಬನಿಗೆ ತಲುಪಬೇಕೆಂದರೆ ಎಲ್ಲಕ್ಕೂ ಹಾಕಬೇಕಾಯಿತು.

ಲಾನ್ ಬೆಳೆಯಿತು. ಪಂಪು ಬಂತು, ಪೈಪು ಬಂತು, ಹುಲ್ಲು ಹಚ್ಚಿಸಲು ಸಾಹೇಬರ ಜೊತೆ ಬಂದಿದ್ದ ಮೌಲಾಸಾಬ ಮಾಲಿಯಾಗಿ ನಿಂತ. ಹುಲ್ಲಿನ ಮೇಲೆ ನಡೆಯಬಾರದೆಂಬ ಬೋರ್ಡು ಬಂತು. ಊರ ಹುಡುಗರು ಹುಲ್ಲಿನ ಮೇಲೇ ಓಡಿ ಸಾಲಿಗೆ ಹೋಗುತ್ತಿದ್ದರು. ಯಾತ್ರಿಕರು ಅಲ್ಲೇ ಬುತ್ತಿ ಬಿಚ್ಚುತ್ತಿದ್ದರು. ಅವ್ವ ಮಾತ್ರ ಪೈಪು ಎಳೆದುಕೊಂಡು ಅಂಚಿನ ಕಲ್ಲುಹಾದಿಯಲ್ಲೇ ಸುತ್ತುತ್ತಿದ್ದಳು.

“ಈ ಊರಾಗ ಬೋರ್ಡ್ ಓದಾಕಿ ಇಕಿ ಒಬ್ಬಾಕಿನ ನೋಡ್ರಿ,” ಎಂದು ಮೌಲಾಸಾಬ ಬಂದವರಿಗೆಲ್ಲ ಹೇಳುತ್ತಿದ್ದ. “ಮಾಸ್ತರ ಮನಿಯಾಕಿ ಅಲ್ಲೇನು!”

ಅವ್ವನಿಗೆ ಓದಲು ಬರುತ್ತಿರಲಿಲ್ಲ. ಎಲ್ಲಿ ಕಾಲಿಟ್ಟರೆ ಅವನ ಮೇಲಾದೀತೋ ಎಂದು ಆಕೆ ಎಲ್ಲಿಯೂ ಕಾಲಿಡಲಿಲ್ಲ. ಇದನ್ನು ಮಾಲಿಗೆ ಹೇಳು ಅಂದರೆ ಹೆದರುತ್ತಿದ್ದಳು. ಒಮ್ಮೆ ಒಲ್ಲೆ ಎಂದ ಇಲಾಖೆಗೆ ಇಲ್ಲೊಂದು ಕೂಸಿದೆ ಎಂದು ಮತ್ತೆ ನೆನಪಾದರೆ ಅಗೆದು ತೆಗೆದು ಎಲ್ಲಾದರೂ ಒಯ್ದಾರು. ಬಾಯಿ ಮುಚ್ಚಿಕೊಂಡರೆ ಅವನು ಅಲ್ಲೇ ಇರುತ್ತಾನೆ, ಬಾಯಿ ಬಿಟ್ಟರೆ ಇರುವುದಿಲ್ಲ. ಆಕೆಯ ತರ್ಕದಲ್ಲಿ ನನಗೆ ಇವತ್ತಿಗೂ ತೂತು ಸಿಕ್ಕಿಲ್ಲ.

ಬಾಗಲಕೋಟೆಯ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ದೊಡ್ಡ ಇಂಗ್ಲಿಷ್ ನಿಘಂಟು ಇತ್ತು, ನಿಂತೇ ಓದಬೇಕು, ಅಷ್ಟು ಭಾರ. ಒಂದು ಮಧ್ಯಾಹ್ನ ಅದರಲ್ಲಿ ಲಾನ್ ಎಂಬ ಶಬ್ದ ಹುಡುಕಿದೆ. ಇಷ್ಟು ಚಿಕ್ಕ ಶಬ್ದ ನಮ್ಮ ಮನೆಯನ್ನು ನುಂಗಿದ ಮೇಲೆ ಅದರ ಹುಟ್ಟು ಏನೆಂದಾದರೂ ನೋಡಬೇಕಲ್ಲ. ಕತ್ತರಿಸಿ ಸಮ ಮಾಡಿದ ಹುಲ್ಲುನೆಲ ಎನ್ನುವುದು ಈಚಿನ ಅರ್ಥ. ಅದಕ್ಕೂ ಮೊದಲು ಕಾಡಿನ ನಡುವಿನ ಮರವಿಲ್ಲದ ಬಯಲಿಗೆ ಹಾಗೆನ್ನುತ್ತಿದ್ದರಂತೆ. ಆಗ ಶಬ್ದದ ಕೊನೆಗೆ ಒಂದು ಡಕಾರವಿತ್ತು, ಬಾಯಿಂದ ಬಾಯಿಗೆ ಸವೆದು ಬಿದ್ದುಹೋಯಿತು. ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ ಉತ್ತದೆ ಬಿತ್ತದೆ ಬಿಟ್ಟ ಕುರುಚಲು ಭೂಮಿ, ನಮ್ಮ ಮಾತಿನಲ್ಲಿ ಬೀಳು. ಅದರಾಚೆಗೆ ಇನ್ನೂ ಹಳೆಯ ಬೇರುಗಳ ಬಗ್ಗೆ ಪಂಡಿತರು ಇರಬಹುದು, ಇರಲಿಕ್ಕಿಲ್ಲ ಎನ್ನುತ್ತಾರೆ. ಕೆಳಗೆ ಅದೇ ರೂಪದ ಇನ್ನೊಂದು ಶಬ್ದ: ನವಿರಾದ ಬಟ್ಟೆ, ಬಹುಶಃ ಅದನ್ನು ನೇಯುತ್ತಿದ್ದ ಫ್ರಾನ್ಸಿನ ಒಂದು ಊರಿನ ಹೆಸರಿನಿಂದ ಬಂದದ್ದು, ದೊಡ್ಡ ಪಾದ್ರಿಗಳ ತೋಳಿಗೆ ಹಾಕುತ್ತಿದ್ದದ್ದು. ಎರಡಕ್ಕೂ ರಕ್ತಸಂಬಂಧವಿಲ್ಲ. ನಾನು ವಾದಕ್ಕೆ ಒಳ್ಳೆಯ ಅಸ್ತ್ರ ಸಿಕ್ಕಿತೆಂದು ಬರೆದುಕೊಂಡೆ: ಶಬ್ದದ ಹೊಟ್ಟೆಯಲ್ಲೇ ಬರಿದು ಇದೆ, ಬರಿದು ಮಾಡದೆ ಲಾನ್ ಆಗುವುದಿಲ್ಲ. ಬಸ್ಸಿನಲ್ಲಿ ಬರುವಾಗಲೇ ಅದು ಸಪ್ಪೆಯಾಯಿತು. ಶಬ್ದಗಳು ಯಾರ ಮನೆಯನ್ನೂ ಇಳಿಸುವುದಿಲ್ಲ. ಆದರೂ ಅವ್ವನಿಗೆ ಹೇಳಿದೆ. ಆಕೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಅವ್ವಾ, ಲಾನ್ ಅಂದ್ರ ಮದಲ ಬೀಳ ಭೂಮಿ ಅಂತ ಇತ್ತಂತ. ಏನೂ ಇಲ್ಲದ ಜಾಗಾ.”

“ಏನೂ ಇಲ್ಲ ಅಂತ ಯಾರ ಹೇಳಿದ್ರು?”

“ಪುಸ್ತಕದಾಗ ಐತಿ. ಇನ್ನೊಂದ ಅರ್ಥಾನೂ ಐತಿ. ತೆಳ್ಳನ ಅರಿವಿ.”

“ಎಷ್ಟ ತೆಳ್ಳಂದು?”

“ಉಟ್ರ ಮೈ ಕಾಣಬೇಕು, ಅಷ್ಟ.”

ಅವ್ವ ಮೊರ ನಿಲ್ಲಿಸಿದಳು. “ಅಂಥಾದ್ದು ಬೆಚ್ಚಗಿರಂಗಿಲ್ಲ. ನಾ ಅವಂಗ ದಪ್ಪಂದ ಹಾಸೇನಿ. ಇಳಕಲ್ಲಿಂದು, ನನ್ನ ಮದಿವಿದು.” ಮತ್ತೆ ಕೇರತೊಡಗಿದಳು.

ಅವ್ವ ತೀರಿಕೊಂಡದ್ದು ಚಳಿಗಾಲದಲ್ಲಿ. ಕಾಯಿಲೆ ಬಹಳ ದಿನ ಕಾಡಲಿಲ್ಲ. ಆಕೆಯನ್ನು ಊರ ಹೊರಗಿನ ಹೊಲದಲ್ಲಿ ಮಣ್ಣು ಮಾಡಿದೆವು, ಮಗನಿಂದ ದೂರ. ಕಾರ್ಯವೆಲ್ಲ ಮುಗಿದ ಮೇಲೆ ನಾನು ಕೆಳಗೆ ಲಾನಿಗೆ ಹೋದೆ. ಎಂದೂ ನಾನು ಹೋಗದ ಕಡೆ, ದೊಡ್ಡ ಗುಡಿಯ ಹಿಂದೆ ಸುತ್ತಿದಾಗ ಹುಲ್ಲಿನ ನಡುವೆ ಸುಣ್ಣ ಬಳಿದ ಒಂದು ಕಲ್ಲು ಕಂಡಿತು. ಸುತ್ತ ಬಳೆಯ ಹಾಗೆ ಹುಲ್ಲು ಕತ್ತರಿಸಿದ್ದರು. ಇಡೀ ಲಾನಿಗೆ ನೀರು ಹಾಕಿದ ಅವ್ವ ಇದನ್ನು ನೋಡಿಯೇ ಇರಬೇಕು, ನನಗೆ ಮಾತ್ರ ಹೇಳಿರಲಿಲ್ಲ. ಮೌಲಾಸಾಬ ಪೈಪು ಸುತ್ತುತ್ತಿದ್ದ.

“ಇದೇನಿದು, ಚಾಚಾ?”

“ಹಿಂದಿನ ಓಣಿ ಕಲ್ಲವ್ವನ ಮನಿಯವರ ಹಿರೇರ ಗದ್ದಿಗಿ ಅಲ್ಲೇನವ್ವಾ. ಲಾನ್ ಹಾಸೂ ಮುಂದ ಅವರ ಮುದುಕ ಬಂದು ಕೇಳಿದ. ಸಾಹೇಬ್ರು, ಇರ್ಲಿ ಬಿಡ್ರಿ, ಸುತ್ತ ಹುಲ್ಲ ಹಾಕ್ರಿ ಅಂದ್ರು. ಭಾಳ ಒಳ್ಳೆ ಮನಶಾ ಅಂವಾ.”

“ಮತ್ತ್ಯಾರರ ಕೇಳಿದ್ರಾ?”

“ನನಗ ತಿಳಿದಂಗ ಯಾರೂ ಇಲ್ಲ. ಕೇಳಿದ್ರ ಬಿಡ್ತಿದ್ರು. ಸಾಹೇಬ್ರ ಜೋಡಿ ದಿನಾ ಇರ್ತಿದ್ದವರು ನಿಮ್ಮ ಅಪ್ಪಾರು, ಅವರಿಗೆ ಗೊತ್ತಿರತೈತಿ.”

ಮಾಲಿಗೆ ಎಲ್ಲ ಗೊತ್ತಿರಬೇಕೆಂದಿಲ್ಲ. ಅಪ್ಪ ಕೇಳಿದ್ದು ಬಾದಾಮಿಯ ಕಚೇರಿಯಲ್ಲಿರಬಹುದು, ಇವನ ಕಿವಿಗೆ ಬೀಳದಿರಬಹುದು. ಮುದುಕನಿಗೆ ಹೂಂ ಎಂದ ಸಾಹೇಬರೇ ಮಾಸ್ತರನಿಗೆ ಒಲ್ಲೆ ಎಂದಿರಬಹುದು. ದೊಡ್ಡವರ ಮನಸ್ಸು ದಿನಕ್ಕೊಂದು. ಇವೆಲ್ಲ ಅಪ್ಪನ ಪರವಾದ ಮಾತುಗಳು, ನಾನೇ ಹೇಳಿಕೊಂಡೆ. ಅವನ ವಿರುದ್ಧ ಇದ್ದದ್ದು ಆ ಎತ್ತರದ ಹೆಗಲು ಒಂದೇ. ತಿಳಿದವನೆಂದು ಹೆಗಲು ತಟ್ಟಿಸಿಕೊಂಡವನು ಅದೇ ಸಾಹೇಬರ ಮುಂದೆ ನಿಂತು, ನನ್ನ ಹೆಂಡತಿ ಸತ್ತ ಕೂಸಿಗೆ ದಿನಾ ನೀರು ಹಾಕುತ್ತಾಳೆ, ಜಾಗ ಬಿಡಿ ಎಂದು ಕೇಳಬಲ್ಲನೇ? ದಿನ್ನೆ ಹತ್ತುವಷ್ಟರಲ್ಲಿ ನನಗೆ ಏದುಸಿರು ಬಂದಿತ್ತು.

ಅಪ್ಪ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ನನಗೆ ಅಷ್ಟು ಕಾಳು ಎತ್ತಿ ಕೊಟ್ಟ. ನಾನು ತೆಗೆದುಕೊಳ್ಳದೆ ನಿಂತೆ. ಕಲ್ಲವ್ವನ ಮನೆಯವರ ಕಲ್ಲಿನ ಸುದ್ದಿ ಹೇಳಿದೆ. ಅವನು ಇನ್ನೊಂದು ಕಾಯಿ ಒಡೆದು ಕಾಳನ್ನು ಸಿಪ್ಪೆಯ ಗುಡ್ಡೆಗೇ ಹಾಕಿದ.

“ಅಪ್ಪಾ, ಅವತ್ತ ನೀ ಖರೇನ ಸಾಹೇಬ್ರನ್ನ ಕೇಳಿದ್ಯೋ, ಇಲ್ಲಾ ಬಾದಾಮಿ ಬಸ್‌ಸ್ಟ್ಯಾಂಡಿನ್ಯಾಗ ಕುಂತು ಹೊಳ್ಳಿ ಬಂದ್ಯೋ?”